ವಂಚಕರನ್ನು ಕಾಯಿಸುವ ಕೆಲಸ: ನನ್ನ ಅನುಭವ

ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತನಾದ ನನಗೆ, ಮೋಸದ ಕರೆ ಮಾಡುವವರ ಹೊತ್ತನ್ನು ಹಾಳುಮಾಡುವ ಕೆಲಸ ಅಂಟಿಕೊಂಡದ್ದು 2022ರ ಮಳೆಗಾಲದಲ್ಲಿ. ಶಿವಮೊಗ್ಗದ ನಮ್ಮ ಬೀದಿಯಲ್ಲಿರುವ ನಿವೃತ್ತ ಶಿಕ್ಷಕಿಯೊಬ್ಬರ ಮೊಬೈಲಿಗೆ, ಹಿಂದಿನ ತಿಂಗಳ ಬಿಲ್ಲು ಜಮೆಯಾಗದ ಕಾರಣ ಇಂದು ರಾತ್ರಿ ಒಂಬತ್ತೂವರೆಗೆ ನಿಮ್ಮ ಮನೆಯ ಕರೆಂಟು ತೆಗೆಯಲಾಗುವುದು, ಕೂಡಲೇ ಈ ನಂಬರಿಗೆ ಕರೆ ಮಾಡಿ ಎಂಬ ಸಂದೇಶ ಬಂದಿತ್ತು. ಅವರು ಗಾಬರಿಯಿಂದ ಕರೆ ಮಾಡಿದರು. ಆ ಕಡೆಯವನು ಬಹಳ ಮರ್ಯಾದೆಯಿಂದ ಮಾತನಾಡಿ, ಫೋನಿನ ಪರದೆಯನ್ನು ದೂರದಿಂದಲೇ ನೋಡಬಹುದಾದ ಆ್ಯಪ್ ಒಂದನ್ನು ಹಾಕಿಸಿ, ಪರೀಕ್ಷೆಗೆಂದು ಹತ್ತು ರೂಪಾಯಿ ಕಟ್ಟಿಸಿಕೊಂಡ. ಅಷ್ಟರಲ್ಲಿ ಅವರು ಒತ್ತಿದ್ದನ್ನೆಲ್ಲ ಅವನು ನೋಡಿಕೊಂಡಿದ್ದ. ಕಾಲು ಗಂಟೆಯೊಳಗೆ ನಲವತ್ತೆಂಟು ಸಾವಿರ ರೂಪಾಯಿ ಹೋಯಿತು. ಆಮೇಲೆ ಎರಡು ತಿಂಗಳು ಟೀಚರ್ ಸಂಜೆಯ ಭಜನೆಗೂ ಬರಲಿಲ್ಲ, ಗೇಟಿನ ಬಳಿ ನಿಂತು ಯಾರನ್ನೂ ಮಾತನಾಡಿಸಲಿಲ್ಲ. ನೂರಾರು ಮಕ್ಕಳಿಗೆ ಲೆಕ್ಕ ಕಲಿಸಿದವರು ತಲೆ ತಗ್ಗಿಸಿ ಓಡಾಡುವುದನ್ನು ನೋಡಿ ನನಗೆ ಬಂದ ಸಿಟ್ಟು ಇಂದಿಗೂ ಆರಿಲ್ಲ.

ನಾನು ಪೊಲೀಸನಲ್ಲ, ಕಂಪ್ಯೂಟರ್ ಬಲ್ಲವನೂ ಅಲ್ಲ. ಆದರೆ ಸಾಲಿನಲ್ಲಿ ನಿಂತವರ ಹೊತ್ತಿನ ಬೆಲೆ ಏನೆಂಬುದು ಕೌಂಟರಿನಲ್ಲಿ ಕುಳಿತವನಿಗೆ ಚೆನ್ನಾಗಿ ಗೊತ್ತಿರುತ್ತದೆ. ಈ ದಂಧೆ ನಡೆಯುವುದೇ ದಿನವಿಡೀ ಕರೆ ಮಾಡಿ ಎಲ್ಲೋ ಒಬ್ಬರನ್ನು ಬಲೆಗೆ ಕೆಡವುವುದರಿಂದ. ಹಾಗಿದ್ದ ಮೇಲೆ ಅವನು ನನ್ನ ಜೊತೆ ಕಳೆಯುವ ಮುಕ್ಕಾಲು ಗಂಟೆ ಇನ್ನೊಬ್ಬ ಟೀಚರ್ ಅವರ ಪಾಲಿಗೆ ಉಳಿದ ಮುಕ್ಕಾಲು ಗಂಟೆ.

ತಯಾರಿಗೆ ಹೆಚ್ಚೇನೂ ಬೇಕಾಗಲಿಲ್ಲ. ಹಳೆಯ ಕೀಪ್ಯಾಡ್ ಫೋನ್ ಒಂದಕ್ಕೆ ನನ್ನ ಹೆಸರಿನಲ್ಲೇ ಹೊಸ ಸಿಮ್ ಕೊಂಡೆ. ಆ ನಂಬರನ್ನು ಯಾವ ಬ್ಯಾಂಕ್ ಖಾತೆಗೂ, ಗ್ಯಾಸಿಗೂ ಜೋಡಿಸಲಿಲ್ಲ, ನೆಂಟರಿಷ್ಟರಿಗೂ ಕೊಡಲಿಲ್ಲ. ಒಂದು ಉದ್ದನೆಯ ನೋಟ್‌ಬುಕ್ ಇಟ್ಟುಕೊಂಡೆ. ಅಂಥ ಸಂದೇಶ ಬೀದಿಯಲ್ಲಿ ಯಾರಿಗೆ ಬಂದರೂ ನನಗೆ ತೋರಿಸಬೇಕೆಂದು ಹೇಳಿದೆ. ಮಧ್ಯಾಹ್ನ ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ಅದರಲ್ಲಿರುವ ನಂಬರಿಗೆ ನಾನೇ ಕರೆ ಮಾಡತೊಡಗಿದೆ.

ಮೊದಲ ದೊಡ್ಡ ಕರೆ ನಲವತ್ತೇಳು ನಿಮಿಷ ನಡೆಯಿತು. ಆ ಕಡೆಯ ಹುಡುಗ ಹಿಂದಿಯಲ್ಲಿ ಆರಂಭಿಸಿದ. "ಕನ್ನಡದಲ್ಲಿ ಹೇಳಪ್ಪಾ, ನನಗೆ ಕಿವಿ ಬೇರೆ ಮಂದ" ಎಂದೆ. ಅವನು ಸ್ವಲ್ಪ ಹೊತ್ತು ಒದ್ದಾಡಿ, ಕನ್ನಡ ಬಲ್ಲ ಇನ್ನೊಬ್ಬನನ್ನು ಕರೆತಂದ. ಅಲ್ಲಿಗೆ ಇಬ್ಬರು ನನ್ನ ಕೈಯಲ್ಲಿದ್ದರು. ಎರಡನೆಯವನು ಪ್ಲೇ ಸ್ಟೋರ್ ತೆರೆಯಲು ಹೇಳಿದ.

"ಸ್ಟೋರ್ ತೆರೆಯೋದು ನಾಲ್ಕು ಗಂಟೆಗೆ ಕಣಪ್ಪಾ, ಈಗ ಊಟಕ್ಕೆ ಹೋಗಿರ್ತಾನೆ."

"ಅಂಗಡಿ ಅಲ್ಲ ಸಾರ್, ಫೋನಿನಲ್ಲಿ ನೋಡಿ, ಬಣ್ಣಬಣ್ಣದ ತ್ರಿಕೋನ ಇರುತ್ತೆ."

ನಾನು ಕನ್ನಡಕ ಹುಡುಕಲು ಹೋದೆ. ಬಂದು, ಪರದೆಯ ಮೇಲೆ ಕಾಣುತ್ತಿರುವುದನ್ನೆಲ್ಲ ಒಂದೊಂದಾಗಿ ಓದಿ ಹೇಳಿದೆ: ಸಂಪರ್ಕಗಳು, ಸಂದೇಶಗಳು, ಎಫ್ಎಂ ರೇಡಿಯೊ, ಟಾರ್ಚ್, ಅಲಾರಂ. ತ್ರಿಕೋನ ಸಿಗಲಿಲ್ಲ. ನನ್ನದು ಗುಂಡಿ ಒತ್ತುವ ಫೋನು ಎಂಬುದು ಅವನಿಗೆ ಹೊಳೆಯಲು ಇಪ್ಪತ್ತು ನಿಮಿಷ ಹಿಡಿಯಿತು. ಆಗ ಅವನು ಬಿಟ್ಟ ನಿಟ್ಟುಸಿರು ನನಗೆ ಸ್ಪಷ್ಟವಾಗಿ ಕೇಳಿಸಿತು, ಮನಸ್ಸಿಗೆ ಬಹಳ ಸಮಾಧಾನವಾಯಿತು.

ಅಲ್ಲಿಂದ ಮುಂದಿನದು ನನ್ನ ಬ್ಯಾಂಕಿನ ಅನುಭವ ಕೈಹಿಡಿದ ಭಾಗ. ಆ್ಯಪ್ ಹಾಕಲು ಬರದಿದ್ದರೆ ಶಾಖೆಗೇ ಹೋಗಿ ಹಣ ಜಮೆ ಮಾಡುತ್ತೇನೆ, ಖಾತೆಯ ವಿವರ ಬರೆಸಪ್ಪಾ ಎಂದೆ. ಅವನು ತನ್ನ ಹಿರಿಯನನ್ನು ಕೇಳಿ ಬಂದು ಖಾತೆ ಸಂಖ್ಯೆ ಹೇಳಿದ. ನಾನು ಅಂಕಿಗಳನ್ನು ಎರಡೆರಡಾಗಿ ತಿರುಗಿ ಒಪ್ಪಿಸಿದೆ, ಮಧ್ಯದಲ್ಲಿ ಒಂದನ್ನು ಬಿಟ್ಟು ಮತ್ತೆ ಮೊದಲಿನಿಂದ ಹೇಳಿಸಿದೆ. ಐಎಫ್ಎಸ್‌ಸಿ ಕೋಡಿನಲ್ಲಿ ಹನ್ನೊಂದು ಸ್ಥಾನಗಳಿದ್ದು, ಮೊದಲ ನಾಲ್ಕು ಅಕ್ಷರ ಬ್ಯಾಂಕನ್ನೂ ಕೊನೆಯ ಆರು ಶಾಖೆಯನ್ನೂ ಸೂಚಿಸುತ್ತವೆ. ನಡುವಿನ ಐದನೆಯದು ಯಾವಾಗಲೂ ಸೊನ್ನೆ. ಅವನು ಅದನ್ನು "ಓ" ಎಂದ. "ಓ ಅಕ್ಷರವೋ, ಸೊನ್ನೆಯೋ? ತಪ್ಪು ಬರೆದರೆ ಕೌಂಟರಿನಲ್ಲಿ ಚಲನ್ ವಾಪಸ್ ಕೊಡುತ್ತಾರೆ" ಎಂದು ಪಟ್ಟು ಹಿಡಿದೆ. ಅವನು ಇನ್ನೊಬ್ಬನನ್ನು ಕೇಳಿದ, ಆ ಇನ್ನೊಬ್ಬ ಮತ್ತಾರನ್ನೋ ಕೇಳಿದ. ಹೀಗೆ ಒಂದು ಸೊನ್ನೆಗಾಗಿ ಅವರು ಹನ್ನೊಂದು ನಿಮಿಷ ಚರ್ಚೆ ಮಾಡಿದರು. ಕರೆ ಮುಗಿದಾಗ ಖಾತೆ ಸಂಖ್ಯೆ, ಶಾಖೆ, ಖಾತೆದಾರನ ಹೆಸರು ನನ್ನ ನೋಟ್‌ಬುಕ್ಕಿನಲ್ಲಿದ್ದವು. ಇಂಥವು ಹೆಚ್ಚಾಗಿ ಬಾಡಿಗೆ ಖಾತೆಗಳು, ಅಂದರೆ ಅಷ್ಟಿಷ್ಟು ದುಡ್ಡಿನ ಆಸೆಗೆ ಯಾರೋ ಬಿಟ್ಟುಕೊಟ್ಟ ಖಾತೆಗಳು. ವಂಚಕನಿಗೆ ನಂಬರು ಬದಲಿಸುವುದು ಸುಲಭ, ಖಾತೆ ಹೊಂದಿಸುವುದು ಅಷ್ಟು ಸುಲಭವಲ್ಲ. ಆದ್ದರಿಂದ ನನ್ನ ದೃಷ್ಟಿಯಲ್ಲಿ ಇಡೀ ಆಟದ ನಿಜವಾದ ಗಳಿಕೆ ಆ ಒಂದು ಸಾಲು. ಅದನ್ನು ಅಂದೇ ಆ ಬ್ಯಾಂಕಿನ ಸಹಾಯವಾಣಿಗೆ ತಿಳಿಸಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲೂ ದಾಖಲಿಸಿದೆ. 2024ರ ಮಾರ್ಚಿನಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ಚಕ್ಷು ಎಂಬ ಸೌಲಭ್ಯ ಬಂದ ಮೇಲೆ, ಮೋಸದ ಕರೆ ಮತ್ತು ಸಂದೇಶಗಳ ನಂಬರುಗಳನ್ನು ಅಲ್ಲಿಯೂ ಕೊಡುತ್ತಿದ್ದೇನೆ. ಹಣ ಕಳೆದುಕೊಂಡವರು ಮಾತ್ರ ಇದಕ್ಕೆಲ್ಲ ಕಾಯದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಇನ್ನೊಂದು ಖಾತೆಗೆ ಜಾರುವ ಮೊದಲು ತಡೆಯಲು ಸಾಧ್ಯವಾಗುವುದು ಆ ಮೊದಲ ಗಂಟೆಗಳಲ್ಲೇ.

ಮಾಡಬಾರದವುಗಳನ್ನು ನಾನು ಆರಂಭದಲ್ಲೇ ಗೊತ್ತುಮಾಡಿಕೊಂಡೆ. ಬಾಯಿಗೆ ಬಂದ ಕಾರ್ಡ್ ನಂಬರನ್ನು ಹೇಳುವುದಿಲ್ಲ, ಏಕೆಂದರೆ ಅದು ಇನ್ನಾರದೋ ಆಗಿರಬಹುದು. ಬದಲಿಗೆ ಹದಿನಾರು ಅಂಕಿ ಕೇಳಿದರೆ ಹದಿನೈದನ್ನೇ ಹೇಳಿ, "ಇಷ್ಟೇ ಕಾಣುತ್ತಿರುವುದು, ಉಳಿದದ್ದು ಸವೆದಿದೆ" ಎನ್ನುತ್ತೇನೆ. ನಂಬಿಕೆ ಹುಟ್ಟಿಸಲೆಂದು ಒಂದು ರೂಪಾಯಿಯನ್ನೂ ಕಳಿಸುವುದಿಲ್ಲ. ನಾನೇ ಪೊಲೀಸ್ ಎಂದು ಹೆದರಿಸುವುದಿಲ್ಲ, ಅದು ನಮ್ಮ ಕಾನೂನಿನಲ್ಲೇ ಅಪರಾಧ. ಮುಖ ತೋರಿಸುವ ವಿಡಿಯೊ ಕರೆಗೆ ಎಂದೂ ಒಪ್ಪುವುದಿಲ್ಲ. ಹಾಗಾಗಿ ಪೊಲೀಸರಂತೆ ನಟಿಸಿ, ವಿಡಿಯೊ ಕರೆಯಲ್ಲೇ ನಿಮ್ಮನ್ನು ಬಂಧಿಸಿದ್ದೇವೆ, ಇದು "ಡಿಜಿಟಲ್ ಅರೆಸ್ಟ್" ಎನ್ನುವವರ ಜೊತೆ ನಾನು ಆಟಕ್ಕೆ ಇಳಿಯುವುದೇ ಇಲ್ಲ. ವಿಡಿಯೊದಲ್ಲಿ ಬಂಧಿಸುವ ಕ್ರಮ ಭಾರತದ ಯಾವ ಕಾನೂನಿನಲ್ಲೂ ಇಲ್ಲ ಎಂದು ಬೀದಿಯವರಿಗೆ ಮತ್ತೆ ಮತ್ತೆ ಹೇಳುತ್ತೇನೆ.

ಬೈಗುಳಕ್ಕೆ ಬೈಗುಳ ಕೊಡುವುದನ್ನೂ ಬಿಟ್ಟಿದ್ದೇನೆ. ಮೊದಲ ವರ್ಷ ಒಬ್ಬ ಕೆಟ್ಟ ಮಾತು ಆಡಿದಾಗ ನಾನೂ ಆಡಿದ್ದುಂಟು. ಆದರೆ 2025ರ ಮಾರ್ಚಿನಲ್ಲಿ ಮ್ಯಾನ್ಮಾರ್ ಗಡಿಯ ವಂಚನಾ ಕೇಂದ್ರಗಳಿಂದ ಬಿಡುಗಡೆಯಾದ ನೂರಾರು ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತಂದ ಸುದ್ದಿ ಓದಿದೆ. ಒಳ್ಳೆಯ ನೌಕರಿಯ ಆಸೆ ತೋರಿಸಿ ಕರೆದೊಯ್ದು, ಬಲವಂತವಾಗಿ ಇದೇ ಕೆಲಸಕ್ಕೆ ಕೂರಿಸಿದವರು ಅವರಲ್ಲಿದ್ದರು. ಆ ಕಡೆ ಕುಳಿತವನು ದಂಧೆಯ ಯಜಮಾನನೋ ಅಥವಾ ಪಾಸ್‌ಪೋರ್ಟ್ ಕಿತ್ತುಕೊಂಡು ಕೂರಿಸಿದ ಹುಡುಗನೋ ನನಗೆ ಗೊತ್ತಾಗುವುದಿಲ್ಲ. ಹೊತ್ತು ಕಳೆಯುವಂತೆ ಮಾಡಿದರೆ ನನ್ನ ಕೆಲಸವಾಯಿತು.

ಸೈಟು, ಸಾಲ ಎಂದು ಪೀಡಿಸುವ ಮಾರಾಟದ ಕರೆಗಳ ವಿಷಯ ಬೇರೆ. ಅವರು ಕಿರಿಕಿರಿ ಮಾಡುವವರೇ ಹೊರತು ಕಳ್ಳರಲ್ಲ. ಅಂಥ ಕರೆಗಳು ಬೇಡವೆಂದು 1909 ಎಂಬ ದೂರವಾಣಿ ಸಂಖ್ಯೆಯಲ್ಲಿ ನೋಂದಾಯಿಸಿ, ಮೀರಿ ಬಂದದ್ದರ ಮೇಲೆ ಅಲ್ಲಿಯೇ ದೂರು ಕೊಟ್ಟು ಸುಮ್ಮನಾಗುತ್ತೇನೆ.

ಬ್ರಿಟನ್ನಿನ ಓ2 ಎಂಬ ಮೊಬೈಲ್ ಕಂಪನಿ 2024ರ ನವೆಂಬರಿನಲ್ಲಿ ಡೇಸಿ ಎಂಬ ಕೃತಕ ಬುದ್ಧಿಮತ್ತೆಯ ಅಜ್ಜಿಯನ್ನು ಇದೇ ಕೆಲಸಕ್ಕೆ ಇಳಿಸಿತು. ಆಕೆ ಹೆಣಿಗೆ, ಬೆಕ್ಕು ಎಂದೆಲ್ಲ ಹರಟುತ್ತ ವಂಚಕರನ್ನು ನಲವತ್ತು ನಿಮಿಷದವರೆಗೂ ಹಿಡಿದಿಟ್ಟಳಂತೆ. ಮಗಳು ಅದನ್ನು ಓದಿ ಹೇಳಿದಾಗ ನನಗೆ ಆದ ಸಂತೋಷವನ್ನು ಮುಚ್ಚಿಡಲಾರೆ.

ಕಳೆದ ಆಷಾಢದ ಒಂದು ಮಧ್ಯಾಹ್ನ ಟೀಚರ್ ಕೊಡೆ ಹಿಡಿದು ನಮ್ಮ ಮನೆಗೆ ಬಂದರು. ಪಿಂಚಣಿ ಇಲಾಖೆಯವನೆಂದು ಹೇಳಿಕೊಂಡು ಒಬ್ಬ ಕರೆ ಮಾಡಿದ್ದನಂತೆ. ಒಲೆಯ ಮೇಲೆ ಹಾಲಿದೆ, ಒಂದು ನಿಮಿಷ ಎಂದು ಅವನನ್ನು ಐದು ಸಲ ಕಾಯಿಸಿ, ಆಮೇಲೆ ಪ್ರತಿ ಅಂಕಿಯನ್ನೂ ಪಾಠ ಒಪ್ಪಿಸಿದಂತೆ ಅವನ ಬಾಯಿಂದಲೇ ಎರಡೆರಡು ಬಾರಿ ಹೇಳಿಸಿದರಂತೆ. ಸೆರಗಿನಲ್ಲಿ ನೆನೆಯದಂತೆ ತಂದಿದ್ದ ಹಾಳೆಯನ್ನು ನನ್ನ ಮುಂದಿಟ್ಟರು. ಕಪ್ಪು ಹಲಗೆಯ ಮೇಲಿನಂಥದೇ ದುಂಡನೆಯ ಅಕ್ಷರಗಳಲ್ಲಿ ಫೋನ್ ನಂಬರು, ಖಾತೆ ಸಂಖ್ಯೆ, ಅದರ ಕೆಳಗೆ ಐಎಫ್ಎಸ್‌ಸಿ ಕೋಡು. ಐದನೆಯ ಸ್ಥಾನದ ಸೊನ್ನೆಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ "ಕೇಳಿ ಖಚಿತಪಡಿಸಿಕೊಂಡಿದೆ" ಎಂದು ಬರೆದಿದ್ದರು.