ತುಕ್ಕು ಹಿಡಿದ ಗಿಡವನ್ನೇ ನಾನು ಉಳಿಸಿಕೊಂಡದ್ದು ಯಾಕೆ

ಗೋಧಿಯ ತುಕ್ಕು ರೋಗದ ಕೆಲಸಕ್ಕೆ ಇಳಿದ ಹೊಸದರಲ್ಲಿ ನನಗೆ ಗೊತ್ತಿದ್ದದ್ದು ಒಂದೇ ಲೆಕ್ಕ. ಎಲೆ ಹಸಿರಾಗಿದ್ದರೆ ಗಿಡ ಬೇಕು, ಎಲೆ ಮೇಲೆ ಗುಳ್ಳೆ ಎದ್ದರೆ ಬೇಡ. ಈ ಲೆಕ್ಕ ಅರ್ಧ ಮಾತ್ರ ಸರಿ ಅನ್ನುವುದು ತಿಳಿಯಲು ನನಗೆ ಹಲವು ಬೆಳೆ ಬೇಕಾದವು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಗೋಧಿಗೆ ಬರುವ ತುಕ್ಕು ಮೂರು ಬಗೆ. ಕಾಂಡಕ್ಕೆ ಬರುವುದು ಕಪ್ಪು ತುಕ್ಕು, ಎಲೆಗೆ ಬರುವುದು ಕಂದು ತುಕ್ಕು, ಎಲೆಯ ಉದ್ದಕ್ಕೂ ಗೆರೆ ಎಳೆದ ಹಾಗೆ ಬರುವುದು ಹಳದಿ ತುಕ್ಕು. ಮೂರೂ ಪಕ್ಸೀನಿಯಾ ಎಂಬ ಶಿಲೀಂಧ್ರದ ಬೇರೆ ಬೇರೆ ಜಾತಿಗಳಿಂದ ಬರುವಂಥವು. ರೋಗ ಬಂದ ಎಲೆಯನ್ನು ಬೆರಳಲ್ಲಿ ಸವರಿದರೆ ಕಬ್ಬಿಣದ ತುಕ್ಕಿನ ಹಾಗೆ ಪುಡಿ ಅಂಟುತ್ತದೆ. ಆ ಪುಡಿಯ ಒಂದೊಂದು ಕಣವೂ ಗಾಳಿಯಲ್ಲಿ ಹಾರಿ ಹೋಗಿ ಇನ್ನೊಂದು ಗಿಡ ಹಿಡಿಯಬಲ್ಲ ಬೀಜಕಣ.

ನನ್ನ ಮೊದಲ ಕೆಲಸ ಕಂದು ತುಕ್ಕಿನ ಮೇಲೆ, ಎಲ್‌ಆರ್9 ಎಂಬ ಜೀನ್ ಇಟ್ಟುಕೊಂಡು. ಈ ಜೀನ್ ಗೋಧಿಯದೇ ಅಲ್ಲ. ಏಜಿಲಾಪ್ಸ್ ಎಂಬ ಕಾಡು ಹುಲ್ಲಿನದು. 1956ರಲ್ಲಿ ಸಿಯರ್ಸ್ ಎಂಬ ವಿಜ್ಞಾನಿ ಎಕ್ಸ್‌ರೇ ಹಾಯಿಸಿ ಕ್ರೋಮೋಸೋಮ್ (ಜೀನ್‌ಗಳು ಸಾಲಾಗಿ ಕೂತಿರುವ ಎಳೆ) ಮುರಿದು, ಹುಲ್ಲಿನ ಆ ಸಣ್ಣ ತುಂಡು ಗೋಧಿಯ ಕ್ರೋಮೋಸೋಮಿಗೆ ಅಂಟಿಕೊಂಡ ಗಿಡವನ್ನು ಹುಡುಕಿ ತೆಗೆದರು. ಡಿಎನ್‌ಎ ಓದುವ ಯಂತ್ರಗಳು ಇಲ್ಲದ ಕಾಲದಲ್ಲಿ ಮಾಡಿದ ಕೆಲಸ ಅದು. ಇವತ್ತಿಗೂ ನೆನೆದರೆ ಮೈ ಜುಮ್ಮೆನ್ನುತ್ತದೆ.

ಸಂಕರಣ ಮಾಡುವುದು ಕೈ ಕೆಲಸ, ಸುಮ್ನೆ ಓದಿದರೆ ಬರುವುದಿಲ್ಲ. ತೆನೆ ಎಲೆಯ ಸುರುಳಿಯಿಂದ ಆಗಷ್ಟೇ ಹೊರಗೆ ಬಂದಿರಬೇಕು. ಬುಡದ ಮತ್ತು ತುದಿಯ ಹೂಗಳನ್ನು ತೆಗೆದು ಹಾಕುತ್ತೇನೆ. ಪ್ರತಿ ಗೊಂಚಲಿನ ನಡುವಿನ ಹೂವನ್ನೂ ಚಿಮಟದಿಂದ ಕಿತ್ತು, ಪಕ್ಕದ ಎರಡನ್ನು ಮಾತ್ರ ಬಿಡುತ್ತೇನೆ. ಅವುಗಳ ಸಿಪ್ಪೆಯ ತುದಿ ಕತ್ತರಿಸಿದರೆ ಒಳಗೆ ಮೂರು ಕೇಸರ ಕಾಣುತ್ತವೆ. ಹಸಿರಾಗಿದ್ದರೆ ಸರಿ. ಹಳದಿಗೆ ತಿರುಗಿದ್ದರೆ ತಡವಾಯಿತು ಅಂತ ಅರ್ಥ, ಆ ತೆನೆ ಬಿಟ್ಟು ಬೇರೆಯದಕ್ಕೆ ಹೋಗಬೇಕು. ಮೂರನ್ನೂ ಒಡೆಯದ ಹಾಗೆ ಎತ್ತಿ, ಕಾಗದದ ಚೀಲ ತೊಡಿಸಿ, ಎರಡು ಮೂರು ದಿನ ಬಿಟ್ಟು ಇನ್ನೊಂದು ತಳಿಯ ಪರಾಗ ಉದುರಿಸಬೇಕು. ಒಂದೇ ಒಂದು ಕೇಸರ ಒಳಗೆ ಉಳಿದರೂ ಆ ಹೂ ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಅಲ್ಲಿಗೆ ಮುಂದಿನ ಲೆಕ್ಕವೆಲ್ಲ ತಪ್ಪು.

ಎರಡನೇ ಪೀಳಿಗೆಯ ಸಸಿಗಳನ್ನು ಟ್ರೇಯಲ್ಲಿ ಬೆಳೆಸಿದೆ. ಮೊದಲ ಎಲೆ ಪೂರ್ತಿ ಬಿಚ್ಚಿಕೊಂಡ ಮೇಲೆ ಬೀಜಕಣಗಳನ್ನು ತೆಳು ಎಣ್ಣೆಯಲ್ಲಿ ಕಲಸಿ ಸಿಂಪಡಿಸಿದೆ. ರಾತ್ರಿಯಿಡೀ ಕತ್ತಲೆಯಲ್ಲಿ, ಎಲೆ ಮೇಲೆ ಇಬ್ಬನಿ ನಿಲ್ಲುವಷ್ಟು ತೇವದಲ್ಲಿ ಇಟ್ಟೆ. ಆಮೇಲೆ ಸುಮಾರು 20 ಡಿಗ್ರಿಯ ಕೋಣೆಗೆ ಸಾಗಿಸಿದೆ. ಹನ್ನೆರಡನೇ ದಿನ ಭೂತಗನ್ನಡಿ ಹಿಡಿದು ಕೂತೆ. ಕೆಲವು ಸಸಿಗಳ ಎಲೆಯ ತುಂಬ ಕಂದು ಗುಳ್ಳೆ. ಉಳಿದವುಗಳಲ್ಲಿ ಗುಳ್ಳೆಯೇ ಇಲ್ಲ, ಸೂಜಿ ಮೊನೆಯಷ್ಟು ಬಿಳಿಚಿದ ಚುಕ್ಕೆ ಮಾತ್ರ. ಶಿಲೀಂಧ್ರ ಒಳಗೆ ಹೊಕ್ಕ ಜಾಗದಲ್ಲಿ ಗಿಡ ತನ್ನ ಜೀವಕೋಶಗಳನ್ನು ತಾನೇ ಸಾಯಿಸಿಕೊಂಡಿತ್ತು. ತುಕ್ಕು ಶಿಲೀಂಧ್ರಕ್ಕೆ ಬದುಕಲು ಜೀವಂತ ಕೋಶವೇ ಬೇಕು. ಸುತ್ತಲಿನ ಕೋಶ ಸತ್ತರೆ ಅದಕ್ಕೂ ಅಲ್ಲೇ ಸಾವು. 92 ಸಸಿಗಳಲ್ಲಿ 70 ನಿರೋಧಕ, 22 ರೋಗಕ್ಕೆ ತುತ್ತು. ಮೂರಕ್ಕೆ ಒಂದು. ಪ್ರಬಲವಾದ ಒಂದೇ ಜೀನ್ ಕೆಲಸ ಮಾಡುವಾಗ ಬರಬೇಕಾದ ಅನುಪಾತ ನನ್ನ ಟ್ರೇಯಲ್ಲೇ ಬಂದಿತ್ತು. ಆ ದಿನದ ಖುಷಿ ಹೇಳತೀರದು.

ತುಕ್ಕು ನಿರೋಧಕ ಗುಣ ಮೆಂಡೆಲ್ ಲೆಕ್ಕದಂತೆ ಮಕ್ಕಳಿಗೆ ಹೋಗುತ್ತದೆ ಅಂತ ಮೊದಲು ತೋರಿಸಿದವರು ಬಿಫೆನ್ ಎಂಬ ವಿಜ್ಞಾನಿ, 1905ರಲ್ಲಿ, ಹಳದಿ ತುಕ್ಕಿನ ಮೇಲೆ. ಅವರಿಗೆ ಸಿಕ್ಕ ನಿರೋಧಕ ಗುಣ ದುರ್ಬಲ ಗುಣವಾಗಿತ್ತು, ಅಂದರೆ ಅಪ್ಪ ಅಮ್ಮ ಎರಡೂ ಕಡೆಯಿಂದ ಬಂದರೆ ಮಾತ್ರ ಕಾಣುವಂಥದ್ದು, ನನ್ನದಕ್ಕೆ ಉಲ್ಟಾ.

ಎಲ್‌ಆರ್9 ಇದ್ದ ಸಾಲುಗಳು ಕೆಲವು ಬೆಳೆಗಳವರೆಗೆ ತೊಳೆದಿಟ್ಟ ಹಾಗೆ ಇದ್ದವು. ಒಂದು ವರ್ಷ ಒಂದು ಮೂಲೆಯ ಎರಡು ಗಿಡದಲ್ಲಿ ದೊಡ್ಡ ದೊಡ್ಡ ಗುಳ್ಳೆ ಕಂಡವು. ಬೀಜ ಬೆರಕೆಯಾಗಿದೆ ಅಂದುಕೊಂಡೆ. ಹತ್ತು ದಿನದಲ್ಲಿ ಇಡೀ ಸಾಲು ಕಂದು. ಬೀಜದಲ್ಲಿ ತಪ್ಪಿರಲಿಲ್ಲ, ಬದಲಾದದ್ದು ಶಿಲೀಂಧ್ರ. ಅಗಸೆಯ ತುಕ್ಕಿನ ಮೇಲೆ ಕೆಲಸ ಮಾಡಿದ ಫ್ಲೋರ್ 1940ರ ದಶಕದಲ್ಲೇ ಇದನ್ನು ಬಿಡಿಸಿ ಹೇಳಿದ್ದರು. ಗಿಡದ ಒಂದೊಂದು ನಿರೋಧಕ ಜೀನಿಗೂ ಶಿಲೀಂಧ್ರದಲ್ಲಿ ಅದಕ್ಕೆ ಜೋಡಿಯಾದ ಒಂದು ಜೀನ್ ಇರುತ್ತದೆ. ಗಿಡ ಗುರುತು ಹಿಡಿಯುವುದು ಅದರಿಂದ ಬರುವ ಪ್ರೋಟೀನನ್ನು. ಶಿಲೀಂಧ್ರದಲ್ಲಿ ಆ ಜೀನ್ ಬದಲಾದರೆ ಅಥವಾ ಬಿದ್ದುಹೋದರೆ ಗಿಡಕ್ಕೆ ಕಳ್ಳನ ಗುರುತೇ ಸಿಗುವುದಿಲ್ಲ. ಕಪ್ಪು ತುಕ್ಕಿನಲ್ಲಿ ಇದು ದೊಡ್ಡ ಮಟ್ಟದಲ್ಲಿ ಆಯಿತು. ರೈ ಧಾನ್ಯದಿಂದ ಬಂದ ಎಸ್‌ಆರ್31 ಜೀನನ್ನು ಜಗತ್ತಿನ ಎಷ್ಟೋ ಗೋಧಿ ತಳಿಗಳು ನಂಬಿಕೊಂಡಿದ್ದವು. 1998ರಲ್ಲಿ ಉಗಾಂಡಾದಲ್ಲಿ ಆ ಜೀನನ್ನೂ ಮೀರಿದ ತುಕ್ಕು ಕಂಡಿತು. ಯುಜಿ99 ಅನ್ನುವುದು ಅದನ್ನೇ.

ಆಗ ಎಲ್‌ಆರ್34 ಎಂಬ ಇನ್ನೊಂದು ನಿರೋಧಕ ಜೀನ್ ಕಡೆ ತಿರುಗಿದೆ. ತಿರುಗಿದ್ದೇನೋ ಸರಿ, ಕೈ ಮಾತ್ರ ಹಳೇ ಅಭ್ಯಾಸ ಬಿಡಲಿಲ್ಲ. ಸಂಕರಣದ ಸಸಿಗಳನ್ನು ಟ್ರೇಯಲ್ಲಿ ಬೆಳೆಸಿ ಮೊದಲಿನ ಹಾಗೇ ರೋಗ ಹಚ್ಚಿದೆ. ಒಂದೂ ಬಿಡದೆ ಎಲ್ಲಕ್ಕೂ ಗುಳ್ಳೆ ಎದ್ದವು. ಜೀನ್ ಬಂದಿಲ್ಲ ಅಂತ ತೀರ್ಮಾನಿಸಿ ಅರ್ಧ ಟ್ರೇ ಕಿತ್ತು ಹಾಕಿದೆ. ನಮ್ಮ ಹಿರಿಯ ಸಹೋದ್ಯೋಗಿ ಒಬ್ಬರು ಬಂದು ನೋಡಿ, "ಇದನ್ನ ಸಸಿಯಲ್ಲಿ ಹುಡುಕಿದರೆ ಸಿಗುತ್ತೇನಪ್ಪಾ? ತೆನೆ ಬರೋವರೆಗೂ ಬಿಡು, ಆಮೇಲೆ ನೋಡು" ಅಂದರು. ಉಳಿದರ್ಧವನ್ನು ಹೊಲಕ್ಕೆ ನೆಟ್ಟೆ. ಎಸೆದ ಸಸಿಗಳ ವಿಷಯದಲ್ಲಿ ಇವತ್ತಿಗೂ ಬೇಜಾರಿದೆ.

ಎಲ್‌ಆರ್34 ಕೆಲಸ ಮಾಡುವುದು ಬೆಳೆದ ಗಿಡದಲ್ಲಿ, ಅದರಲ್ಲೂ ತೆನೆಯ ಕೆಳಗಿನ ಕೊನೆಯ ಎಲೆಯಲ್ಲಿ. ಅದು ರೋಗವನ್ನು ನಿಲ್ಲಿಸುವುದಿಲ್ಲ, ನಿಧಾನ ಮಾಡುತ್ತದೆ. ಗುಳ್ಳೆ ತಡವಾಗಿ ಏಳುತ್ತವೆ, ಕಡಿಮೆ ಏಳುತ್ತವೆ, ಸಣ್ಣಗಿರುತ್ತವೆ. ಪರೀಕ್ಷೆಯ ಸಾಲುಗಳ ಸುತ್ತ ತುಕ್ಕಿಗೆ ಬೇಗ ತುತ್ತಾಗುವ ಮೊರಾಕೊ ತಳಿ ಬಿತ್ತಿ, ಅದಕ್ಕೆ ರೋಗ ಹಚ್ಚಿ ಬಿಟ್ಟೆ. ವಾರಕ್ಕೊಮ್ಮೆ ಎಲೆಯ ಎಷ್ಟು ಭಾಗಕ್ಕೆ ತುಕ್ಕು ಬಂದಿದೆ ಅಂತ ನೂರಕ್ಕೆ ಲೆಕ್ಕ ಹಾಕಿ ಬರೆದೆ. ಮೊರಾಕೊ ಮೂರು ವಾರದಲ್ಲಿ 20, 60, 90. ನನ್ನ ಒಂದು ಸಾಲು 5, 15, 30. ಒಂದೇ ದಿನ ನೋಡಿದ್ದರೆ ಆ 30 ಕಂಡು ಬೇಡ ಅನ್ನುತ್ತಿದ್ದೆ. ಮೂರು ವಾರ ಒಟ್ಟಿಗೆ ನೋಡಿದಾಗ ಮಾತ್ರ ಆ ಸಾಲು ಏನು ಮಾಡುತ್ತಿದೆ ಅನ್ನುವುದು ಕಾಣಿಸಿತು. ಮೊರಾಕೊ ಎಲೆ ಒಣಗಿ ಸುರುಟಿಕೊಂಡಿದ್ದಾಗ ಈ ಸಾಲಿನ ಎಲೆ ಇನ್ನೂ ಕಾಳಿಗೆ ಊಟ ಕಳಿಸುತ್ತಿತ್ತು.

ಇನ್ನೊಂದು ಗುರುತೂ ಸಿಕ್ಕಿತು. ಆ ಗಿಡಗಳ ಎಲೆಯ ತುದಿ ಒಣಗಿ ಹುಲ್ಲಿನ ಬಣ್ಣಕ್ಕೆ ಬರುತ್ತಿತ್ತು. ಮೊದಲು ನೀರು ಸಾಲದು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅದೂ ಅದೇ ಜೀನಿನ ಕೆಲಸ. 2009ರಲ್ಲಿ ಈ ಜೀನನ್ನು ಬಿಡಿಸಿ ತೆಗೆದಾಗ, ಅದು ಕೋಶದಲ್ಲಿ ಪದಾರ್ಥ ಸಾಗಿಸುವ ಒಂದು ಪ್ರೋಟೀನಿನ ಜೀನ್ ಅಂತ ಕಂಡಿತು. ನಿರೋಧಕ ಗಿಡಕ್ಕೂ ರೋಗ ಬರುವ ಗಿಡಕ್ಕೂ ಆ ಪ್ರೋಟೀನಿನಲ್ಲಿ ಎರಡೇ ಅಮೈನೊ ಆಮ್ಲದ ವ್ಯತ್ಯಾಸ. ಕಂದು ತುಕ್ಕು, ಹಳದಿ ತುಕ್ಕು, ಕಪ್ಪು ತುಕ್ಕು, ಬೂದಿ ರೋಗ, ನಾಲ್ಕರ ಮೇಲೂ ಇದರ ಪರಿಣಾಮ ಇದೆ. ತುಕ್ಕಿನ ಒಂದು ನಿರ್ದಿಷ್ಟ ರೇಸಿನ, ಅಂದರೆ ಒಳಬಗೆಯ, ಗುರುತು ಹಿಡಿದು ಕೆಲಸ ಮಾಡುವಂಥದ್ದಲ್ಲ ಇದು. ಅದಕ್ಕೇ ದಶಕಗಟ್ಟಲೆ ಹೊಲದಲ್ಲಿದ್ದರೂ ಸೋತಿಲ್ಲ.

ಕಣ್ಣಿಗೆ ಅರೆಬರೆ ಕಾಣುವ ಗುಣವನ್ನು ಪೀಳಿಗೆಯಿಂದ ಪೀಳಿಗೆಗೆ ಸಾಗಿಸುವುದು ಕಷ್ಟ. ಅಲ್ಲಿ ಕೈ ಹಿಡಿದದ್ದು ಡಿಎನ್‌ಎ ಮಾರ್ಕರ್, ಅಂದರೆ ಜೀನಿನ ಹತ್ತಿರ ಇರುವ, ಪರೀಕ್ಷೆಯಲ್ಲಿ ಗುರುತಿಸಬಹುದಾದ ಡಿಎನ್‌ಎ ತುಂಡು. ಎಲ್‌ಆರ್34 ಪಕ್ಕದಲ್ಲೇ ಸಿಎಸ್‌ಎಲ್‌ವಿ34 ಎಂಬ ಮಾರ್ಕರ್ ಇದೆ. ಎಳೆ ಎಲೆಯ ಚೂರಿನಿಂದ ಡಿಎನ್‌ಎ ತೆಗೆದು ಪಿಸಿಆರ್ ಮಾಡಿ (ಆ ತುಂಡಿನ ಪ್ರತಿಗಳನ್ನು ಹೆಚ್ಚಿಸಿ), ತುಂಡುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್‌ನಲ್ಲಿ ಓಡಿಸಿದರೆ, ಜೀನ್ ಇರುವ ಗಿಡದಲ್ಲಿ ಸಾಮಾನ್ಯವಾಗಿ 150 ಬೇಸ್ ಉದ್ದದ ಗೆರೆ, ಇಲ್ಲದ್ದರಲ್ಲಿ 229ರ ಗೆರೆ. ಎರಡೂ ಗೆರೆ ಬಂದರೆ ಜೀನ್ ಒಂದು ಕಡೆಯಿಂದ ಮಾತ್ರ ಬಂದಿದೆ. ಮೂಲ ತಳಿಗೆ ಮತ್ತೆ ಮತ್ತೆ ಸಂಕರಣ ಮಾಡುವಾಗ ನಮಗೆ ಬೇಕಾದದ್ದು ಈ ಎರಡು ಗೆರೆಯ ಗಿಡವೇ. ಪ್ರತಿ ಸುತ್ತಿನಲ್ಲೂ ಅರ್ಧದಷ್ಟು ಸಸಿಗಳು ಹಾಗೆ ಸಿಗುತ್ತವೆ. ಮೂಲ ತಳಿಯ ಪಾಲು ಸರಾಸರಿ 75, 87.5, 93.75 ಪರ್ಸೆಂಟ್ ಅಂತ ಏರುತ್ತದೆ. ರೋಗಕ್ಕೆ ಕಾಯಬೇಕಿಲ್ಲ, ಸಸಿ ಇದ್ದಾಗಲೇ ತೀರ್ಮಾನ. ಆದರೂ ಕೊನೆಯಲ್ಲಿ ಹೊಲದಲ್ಲಿ ನೋಡದೆ ನಾನು ಯಾವುದನ್ನೂ ಒಪ್ಪುವುದಿಲ್ಲ. ಮಾರ್ಕರ್ ಅಂದರೆ ಜೀನಿನ ಪಕ್ಕದ ಮನೆ. ಪಕ್ಕದ ಮನೆಯವರು ಇದ್ದಾರೆ ಅಂದಮಾತ್ರಕ್ಕೆ ಇವರೂ ಮನೆಯಲ್ಲಿದ್ದಾರೆ ಅಂತಲ್ಲ, ಅಲ್ವಾ?

ಎಲ್‌ಆರ್34 ಒಂದೇ ಇದ್ದರೆ ರೋಗದ ಒತ್ತಡ ಜಾಸ್ತಿಯಾದಾಗ ಸಾಲುವುದಿಲ್ಲ. ಅದಕ್ಕೆ ಇದೇ ಥರ ನಿಧಾನವಾಗಿ ಕೆಲಸ ಮಾಡುವ ಎಲ್‌ಆರ್46, ಎಲ್‌ಆರ್67 ಎರಡನ್ನೂ ಒಂದೇ ಗಿಡಕ್ಕೆ ಸೇರಿಸಲು ಹೊರಟೆ. ಮೂರೂ ಒಂದೊಂದು ಪ್ರತಿ ಇರುವ ಗಿಡ ತನ್ನಲ್ಲೇ ಕಾಳು ಕಟ್ಟಿದರೆ, ಮೂರೂ ಎರಡೆರಡು ಪ್ರತಿ ಇರುವ ಗಿಡ 64ರಲ್ಲಿ ಒಂದು. ಹಾಗಾಗಿ 300 ಸಸಿ ಬೆಳೆಸಿ ಎಲ್ಲದರ ಎಲೆ ಕತ್ತರಿಸಿದೆ. ಸಿಕ್ಕಿದ್ದು ನಾಲ್ಕು. ಆ ನಾಲ್ಕರ ಮರಿಗಳು ಹೊಲದಲ್ಲಿ 5ರಿಂದ 10ರ ಮೇಲೆ ಹೋಗಲಿಲ್ಲ. ಮೂರು ನಿಧಾನ ಸೇರಿ ಹೆಚ್ಚುಕಡಿಮೆ ಹಸಿರು ಎಲೆ ಕೊಟ್ಟವು.

ಈಗ ಕೈಯಲ್ಲಿರುವುದು ಇದಕ್ಕಿಂತ ಸಿಕ್ಕಿನ ಕೆಲಸ. ಕಪ್ಪು ತುಕ್ಕಿಗೆ ಎಸ್‌ಆರ್2 ಜೀನ್ ಬೇಕು. ತೆನೆಗೆ ಬರುವ ಫ್ಯುಸೇರಿಯಂ ರೋಗಕ್ಕೆ ಸುಮಾಯ್ 3 ಎಂಬ ಚೀನಾ ತಳಿಯ ಎಫ್‌ಎಚ್‌ಬಿ1 ಜೀನ್ ಬೇಕು. ಎರಡೂ 3ಬಿ ಕ್ರೋಮೋಸೋಮಿನ ಗಿಡ್ಡ ತೋಳಿನಲ್ಲೇ, ಹತ್ತಿರ ಹತ್ತಿರ ಕೂತಿವೆ. ಒಂದು ಅಪ್ಪನ ಕಡೆಯಿಂದ, ಇನ್ನೊಂದು ಅಮ್ಮನ ಕಡೆಯಿಂದ ಬಂದದ್ದರಿಂದ ಮಕ್ಕಳಿಗೆ ಹೋಗುವಾಗ ಬೇರೆ ಬೇರೆಯಾಗಿಯೇ ಹೋಗುತ್ತವೆ. ಎರಡರ ನಡುವೆ ಕ್ರೋಮೋಸೋಮ್ ಮುರಿದು ಅದಲು ಬದಲಾದ ಗಿಡ ಸಿಕ್ಕರೆ ಮಾತ್ರ ಎರಡೂ ಒಂದೇ ಎಳೆಗೆ ಬರುತ್ತವೆ. ಅಂಥ ಗಿಡ ಅಪರೂಪ, ನೂರಾರು ಸಸಿ ನೋಡಬೇಕು. ಎಸ್‌ಆರ್2 ಇದ್ದರೆ ಎಷ್ಟೋ ಸಲ ತೆನೆಯ ಸಿಪ್ಪೆಗೂ ಗೆಣ್ಣಿನ ಕೆಳಗೂ ಮಸಿ ಸವರಿದ ಹಾಗೆ ಕಪ್ಪು ಬರುತ್ತದೆ. ಹೋದ ಬೆಳೆಯಲ್ಲಿ ಎಫ್‌ಎಚ್‌ಬಿ1 ಮಾರ್ಕರ್ ಇದ್ದ ಒಂದು ಗಿಡದ ತೆನೆಯಲ್ಲಿ ಆ ಮಸಿ ಕಂಡೆ. ಎಸ್‌ಆರ್2 ಮಾರ್ಕರೂ ಗೆರೆ ಕೊಟ್ಟಿತು. ಆದರೆ ಎರಡೂ ಒಂದೇ ಎಳೆಯಲ್ಲಿವೆಯೋ, ಅಥವಾ ಒಂದೊಂದು ಎಳೆಯಲ್ಲಿ ಒಂದೊಂದು ಇವೆಯೋ ಅನ್ನುವುದು ಅದರ ಮಕ್ಕಳನ್ನು ನೋಡಿದರೆ ಮಾತ್ರ ತಿಳಿಯುತ್ತದೆ. ಆ ಗಿಡದಿಂದ 41 ಕಾಳು ಬಂದಿವೆ. ನಿನ್ನೆ ಸಂಜೆ ಅಷ್ಟನ್ನೂ ಒಂದೊಂದಾಗಿ ನಂಬರ್ ಬರೆದ ಕುಂಡಗಳಲ್ಲಿ ಊರಿದೆ.