ಬಿಸಿ ಹೊಗೆಯಿಂದ ಆಮ್ಲೀಯ ಅನಿಲಗಳನ್ನು ಒಣ ವಿಧಾನದಲ್ಲಿ ತೆಗೆಯುವುದು

ತ್ಯಾಜ್ಯ ದಹನ ಕುಲುಮೆಯ ಹೊಗೆಯಲ್ಲಿರುವ ಹೈಡ್ರೋಜನ್ ಕ್ಲೋರೈಡ್ ಮತ್ತು ಸಲ್ಫರ್ ಡೈಆಕ್ಸೈಡ್‌ಗಳನ್ನು ನೀರಿಲ್ಲದೆ ತೆಗೆಯಲು ಸೋಡಿಯಂ ಬೈಕಾರ್ಬೊನೇಟ್ ಪುಡಿ, ಅಂದರೆ ಅಡುಗೆ ಸೋಡಾ, ಉತ್ತಮ ಆಯ್ಕೆ.

ಮೊದಲು ಉಷ್ಣತೆಯನ್ನು ಅಳೆಯಬೇಕು. ಸುಮಾರು 140 ಡಿಗ್ರಿ ಸೆಲ್ಸಿಯಸ್ ದಾಟಿದ ಹೊಗೆಯಲ್ಲಿ ಬೈಕಾರ್ಬೊನೇಟ್ ವಿಭಜನೆಗೊಂಡು, ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಹೊರಬೀಳುವಾಗ ಕಣಗಳೊಳಗೆ ಅಸಂಖ್ಯ ರಂಧ್ರಗಳು ತೆರೆದುಕೊಳ್ಳುತ್ತವೆ; ಅರಳಿದ ಜೋಳದಂತಾದ ಈ ಕಾರ್ಬೊನೇಟ್ ಆಮ್ಲವನ್ನು ಹಿಡಿಯುತ್ತದೆ. ಹೊಗೆ ಇದಕ್ಕಿಂತ ತಣ್ಣಗಿದ್ದರೆ ಪುಡಿಯ ಬಹುಪಾಲು ವ್ಯರ್ಥವಾಗುತ್ತದೆ, ಅಂತಹಲ್ಲಿ ಸುಣ್ಣವನ್ನೇ ಪರಿಗಣಿಸುವುದು ಲೇಸು.

ನುಣ್ಣಗಿನ ಪುಡಿ ಶೇಖರಣೆಯಲ್ಲಿ ಗಟ್ಟಿಕಟ್ಟುವುದರಿಂದ ಅದನ್ನು ಸ್ಥಳದಲ್ಲೇ ಅರೆದು ಕೂಡಲೇ ಕೊಳವೆಯೊಳಕ್ಕೆ ಊದಬೇಕು. ಬ್ಯಾಗ್ ಫಿಲ್ಟರ್, ಅಂದರೆ ಹೊಗೆಯ ಧೂಳನ್ನು ಸೋಸುವ ಬಟ್ಟೆ ಚೀಲಗಳನ್ನು, ತಲುಪುವ ಮುನ್ನ ಹೊಗೆಯೊಂದಿಗೆ ಬೆರೆಯಲು ಸುಮಾರು ಎರಡು ಸೆಕೆಂಡುಗಳ ಅವಕಾಶವಿರಲಿ. ಚೀಲಗಳ ಮೇಲೆ ಕೂತ ಪದರದಲ್ಲೂ ಪ್ರತಿಕ್ರಿಯೆ ಮುಂದುವರಿಯುವುದರಿಂದ ಅತಿಯಾಗಿ ಕೊಡವುವುದು ಜಾಣತನವಲ್ಲ. ಚೀಲದ ಬಟ್ಟೆ ಆ ಬಿಸಿಯನ್ನು ತಾಳುವಂತಿರಬೇಕು. ಸಾಮಾನ್ಯ ಪಾಲಿಯೆಸ್ಟರ್ ಇಲ್ಲಿ ನಿಲ್ಲದು.

ಲೆಕ್ಕ ಸರಳ: ಒಂದು ಕಿಲೋ ಸಲ್ಫರ್ ಡೈಆಕ್ಸೈಡ್‌ಗೆ ಸಿದ್ಧಾಂತದಂತೆ 2.6 ಕಿಲೋ, ಹೈಡ್ರೋಜನ್ ಕ್ಲೋರೈಡ್‌ಗೆ 2.3 ಕಿಲೋ ಪುಡಿ ಬೇಕು. ವಾಸ್ತವದಲ್ಲಿ ಸ್ವಲ್ಪ ಹೆಚ್ಚೇ ಹಾಕಬೇಕಾಗುತ್ತದೆ. ಆದರೆ ಚಿಮಣಿಯ ಮಾಪಕವನ್ನು ನೋಡಿ ಪ್ರಮಾಣವನ್ನು ಹೊಂದಿಸಬೇಕೇ ಹೊರತು ಅಂದಾಜಿನಿಂದಲ್ಲ, ಏಕೆಂದರೆ ಸುರಿಯುವ ತ್ಯಾಜ್ಯ ಬದಲಾದಂತೆ ಆಮ್ಲದ ಹೊರೆಯೂ ಏರಿಳಿಯುತ್ತದೆ.

ಕೊನೆಗುಳಿಯುವ ಲವಣಗಳು ನೀರಿನಲ್ಲಿ ಕರಗುವಂಥವು, ಭಾರಲೋಹಗಳೂ ಅವುಗಳೊಂದಿಗೆ ಬೆರೆತಿರಬಹುದು. ಹಾಗಾಗಿ ಅವನ್ನು ಮಳೆಗೆ ಒಡ್ಡದೆ ಮುಚ್ಚಿದ ಸೈಲೋದಲ್ಲಿಟ್ಟು, ಅಪಾಯಕಾರಿ ತ್ಯಾಜ್ಯದ ನಿಯಮಗಳಂತೆ ವಿಲೇವಾರಿ ಮಾಡಬೇಕು.