ಮೆಸ್ಸಿನಲ್ಲಿ ಜೋಳದ ರೊಟ್ಟಿ ಓಡಲ್ಲ ಅಂದವರಿಗೆ

ಕಲಬುರಗಿಯಲ್ಲಿ ಮೆಸ್ ನಡೆಸುವವರ ಮಾತು ಒಂದೇ: ಕಾಲೇಜು ಹುಡುಗರಿಗೆ ಅನ್ನ, ಚಪಾತಿ, ಪೂರಿ ಹಾಕು, ಜೋಳಕ್ಕೆ ಕೈ ಹಾಕಿದರೆ ಮುಳುಗ್ತೀ. ಈಗ ನನ್ನಲ್ಲಿ 120 ಜನ ಉಣ್ಣುತ್ತಾರೆ, ಅರ್ಧ ಜನ ಎರಡೂ ಹೊತ್ತು ರೊಟ್ಟಿನೇ ಕೇಳುತ್ತಾರೆ.

ಮೊದಲ ವರ್ಷ 30 ಸಾವಿರದ ಹತ್ತಿರ ಕೈಬಿಟ್ಟಿತು. ಗಂಜ್ ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಕ್ಕ ಹೈಬ್ರಿಡ್ ಜೋಳ, ತಟ್ಟುವಾಗಲೇ ಅಂಚು ಬಿರಿಯೋದು, ತಾಟಿಗೆ ಬರುವಷ್ಟರಲ್ಲಿ ಚರ್ಮದ ಹಾಗೆ ಆಗೋದು. ಹುಡುಗರು ಅರ್ಧ ತಿಂದು ಬಿಟ್ಟೇಳುತ್ತಿದ್ದರು. ಆಮೇಲೆ ಮಾಲದಂಡಿ ಅನ್ನೋ ಹಿಂಗಾರಿ ಬಿಳಿ ಜೋಳಕ್ಕೇ ಬಂದೆ. ಹಿಂಗಾರಿ ರಾಶಿ ಆಗುವಾಗ, ಫೆಬ್ರುವರಿ-ಮಾರ್ಚಿನಲ್ಲಿ, ರೈತರ ಹತ್ತಿರ ನೇರವಾಗಿ ವರ್ಷದ ಜೋಳ ತಗೊಳ್ಳೋದು, ಹೆಚ್ಚುಕಡಿಮೆ 60 ಕ್ವಿಂಟಲ್. ಒಮ್ಮೆಗೇ 3 ಲಕ್ಷ ಬೇಕು, ಅದಕ್ಕೆ ಮನೆಯ ಬಂಗಾರ ಅಡವಿಟ್ಟಿದ್ದೆ. ಹುಳ ಬೀಳದಂತೆ ಹೇಗಿಡುತ್ತೇನೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಬಿಸಿ ರೊಟ್ಟಿ ಮಧ್ಯಾಹ್ನಕ್ಕೆ ಮಾತ್ರ. ರಾತ್ರಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ, ತೊಗರಿ ಬ್ಯಾಳಿ. ತಟ್ಟುವ ಹೆಣ್ಮಕ್ಕಳಿಗೆ ರೊಟ್ಟಿಗೆ 2 ರೂಪಾಯಿ, ಚಪಾತಿ ಆಳಿನ ಕೂಲಿ ಉಳಿದಿದ್ದು ಅಲ್ಲಿಗೇ ಸರಿಹೋಯಿತು. ಲಾಭ ಕಂಡದ್ದು ಎಣ್ಣೆಯಲ್ಲಿ, ತಿಂಗಳಿಗೆ 6 ಡಬ್ಬಿ ಹೋಗುತ್ತಿದ್ದದ್ದು 4ಕ್ಕೆ ಇಳಿಯಿತು.

ಉಪ್ಪಿನ ಲೆಕ್ಕ ಯಾರೂ ಹಾಕಲ್ಲ, ಹಾಕಿ ನೋಡಿ. ತಿಂಗಳಿಗೆ ತರುವ ಉಪ್ಪನ್ನು ತಲೆಗೆ ಹಂಚಿದರೆ ನಮ್ಮಲ್ಲಿ ದಿನಕ್ಕೆ 11-12 ಗ್ರಾಂ ಬರುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು 5 ಗ್ರಾಮಿಗಿಂತ ಕಡಿಮೆ. ಯಾರಿಗೂ ಹೇಳದೆ ತಿಂಗಳಿಗೆ ಚೂರು ಚೂರು ಇಳಿಸಿದೆ, ಈಗ 8ರ ಆಸುಪಾಸು. ಒಬ್ಬರೂ ಸಪ್ಪೆ ಅನ್ನಲಿಲ್ಲ. ಹೇಳಿ ಮಾಡಿದ್ದರೆ ಮರುದಿನವೇ ಗಲಾಟೆ ಆಗುತ್ತಿತ್ತು, ಅಲ್ವಾ?

ಸಜ್ಜೆಯನ್ನೂ ನೋಡಿದೆ, ಕಬ್ಬಿಣಾಂಶ ಜಾಸ್ತಿ ಅಂತ. ಹಿಟ್ಟು ನಾಲ್ಕೈದು ದಿನಕ್ಕೇ ಕಹಿ ಹಿಡಿಯುತ್ತೆ, ಬೇಸಿಗೆಯಲ್ಲಂತೂ ಬೇಡವೇ ಬೇಡ. ಈಗ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಚಳಿಗಾಲಕ್ಕಷ್ಟೇ, ಅದೂ ಆಗಾಗ ಬೀಸಿಸಿಕೊಂಡು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ರಕ್ತಹೀನತೆ. ಅದಕ್ಕೇ ಊಟದ ಬೆನ್ನಿಗೇ ಕೊಡುತ್ತಿದ್ದ ಚಹಾ ನಿಲ್ಲಿಸಿದೆ, ಚಹಾ ಕುಡಿದರೆ ಊಟದ ಕಬ್ಬಿಣ ಮೈಗೆ ಸರಿಯಾಗಿ ಹತ್ತಲ್ಲ. ಈಗ ಚಹಾ 4 ಗಂಟೆಗೆ, ಊಟಕ್ಕೆ ನಿಂಬೆಹೋಳು. ಇದಕ್ಕೆ ಮಾತ್ರ ಸಿಕ್ಕಾಪಟ್ಟೆ ಬೈಸಿಕೊಂಡೆ, ನಾಲ್ಕೈದು ಜನ ಮೆಸ್ಸೇ ಬಿಟ್ಟರು.

ಪಕ್ಕದವರಿಗಿಂತ ತಿಂಗಳಿಗೆ 200 ಜಾಸ್ತಿ ತಗೊಳ್ಳುತ್ತೇನೆ, ಆದರೂ ಜೂನ್ ಬಂದರೆ ಜಾಗ ಇಲ್ಲ ಅಂತ ಜನರನ್ನ ವಾಪಸ್ ಕಳಿಸಬೇಕು. ಶುರು ಮಾಡುವವರು ರಾತ್ರಿ ಊಟಕ್ಕೆ ಕಡಕ್ ರೊಟ್ಟಿ ಇಟ್ಟು ನೋಡಿ, ಮಧ್ಯಾಹ್ನದ್ದು ಆಮೇಲೆ. ಭಾನುವಾರದ ಪೂರಿ ಮಾತ್ರ ಹಾಗೇ ಇರಲಿ, ತೆಗೆಯಬೇಡಿ.